ಹುಂಜದ ಬಾಲಕ್ಕೆ ಮೂರು ಚುಕ್ಕೆ

ನಮ್ಮಪ್ಪ ಚಂದಪ್ಪ ಹೊಡೆಯುವ ಮೊದಲು ಅಂಗಿ ಬಿಚ್ಚಿ ಮೊಳೆಗೆ ನೇತುಹಾಕುತ್ತಿದ್ದ. ಸಿನಿಮಾದ ವಿಲನ್‌ಗಳು ಅಂಗಿ ಹರಿಯುವವರೆಗೂ ಬಡಿದಾಡುತ್ತಾರೆ. ನಮ್ಮಪ್ಪನಿಗೆ ಅಂಗಿ ಇದ್ದದ್ದೇ ಎರಡು. ಹಾಗಾಗಿ ಅವನ ಕೈ ಗುಂಡಿಗೆ ಹೋಯಿತೆಂದರೆ ನಾನು ಒಲೆಯ ಮೇಲಿನ ಪಾತ್ರೆ ಇಳಿಸುತ್ತಿದ್ದೆ, ಅಣ್ಣ ಸೋಮಲಿಂಗ ಬಾಗಿಲು ಹಾಕುತ್ತಿದ್ದ, ಯಮನವ್ವಜ್ಜಿ ತನ್ನ ಎಲೆ‌ಅಡಿಕೆ ಚೀಲವನ್ನು ಮಡಿಲಿಗೆ ಎಳೆದುಕೊಳ್ಳುತ್ತಿದ್ದಳು. ಅವ್ವ ಮಾತ್ರ ಮಾಡುತ್ತಿದ್ದ ಕೆಲಸ ನಿಲ್ಲಿಸುತ್ತಿರಲಿಲ್ಲ.

ಎರಡು ಸಾವಿರದ ಒಂದನೇ ಇಸವಿ, ಡಿಸೆಂಬರ್ ಹತ್ತಿರ ಬಂದಿತ್ತು. ಆ ಶನಿವಾರ ಸಂಜೆ ಅವ್ವ ಸ್ಟವ್ವಿನ ಉರಿಯಲ್ಲಿ ಗೋಣಿ ಹೊಲಿಯುವ ಸೂಜಿ ಕಾಯಿಸಿ, ಮಕ್ಕಳ ಆಟದ ಮರದ ತುಂಡುಗಳಿಗೆ ಹಚ್ಚೆ ಹಾಕುತ್ತಿದ್ದಳು.

ಆದಿ ಉಡುಪಿಯ ಮಾರ್ಕೆಟ್ ಯಾರ್ಡಿನ ಹಿಂದೆ ಸರ್ವೋತ್ತಮ ಅನ್ನುವವರ ಸಾಲು ಕೋಣೆಗಳಲ್ಲಿ ಕೊನೆಯದು ನಮ್ಮದು. ಬಾದಾಮಿ ಕಡೆಯಿಂದ ಬಂದು ಒಂಬತ್ತು ವರ್ಷವಾಗಿತ್ತು. ಅಪ್ಪ ಗೌಂಡಿ, ಗಾರೆ ಕೆಲಸದವನು. ಅವ್ವ ರಾಚವ್ವ ಹಿಂದಿನ ವರ್ಷದವರೆಗೂ ಅವನಿಗೆ ತಲೆಯ ಮೇಲೆ ಕಲಸಿದ ಸಿಮೆಂಟಿನ ಮಾಲು ಹೊತ್ತು ಕೊಡುತ್ತಿದ್ದಳು. ಆಮೇಲೆ ಬನ್ನಂಜೆಯ ಜೆರ್ಟ್ರೂಡ್ ಬಾಯಿಯವರ ಚಿಕ್ಕಮಕ್ಕಳ ಶಾಲೆಯಲ್ಲಿ ಆಯಾ ಆದಳು; ಕ್ರಿಶ್ಚಿಯನ್ ಹೆಂಗಸರನ್ನು ಅಲ್ಲಿ ಗೌರವದಿಂದ ಬಾಯಿ ಎನ್ನುತ್ತಾರೆ. ಆ ಶಾಲೆಯಲ್ಲಿ ಹದಿನೇಳು ಮರದ ಪಝಲ್ ಇದ್ದವು. ಜೆರ್ಟ್ರೂಡ್ ಬಾಯಿಯ ಮಗ ಕುವೈತಿನಿಂದ ಕಳಿಸಿದ್ದು. ಆನೆ, ಹಡಗು, ಮೀನು, ಹುಂಜ. ಒಂದೊಂದರಲ್ಲಿ ಒಂಬತ್ತೋ ಹನ್ನೊಂದೋ ತುಂಡು. ಎಲ್ಲವನ್ನೂ ಒಂದೇ ಬುಟ್ಟಿಗೆ ಸುರಿದಿಡುತ್ತಿದ್ದರು. ಆನೆಯ ಸೊಂಡಿಲು ಹಡಗಿನಲ್ಲಿ, ಮೀನಿನ ಕಣ್ಣು ಯಾವನೋ ಹುಡುಗನ ಚಡ್ಡಿ ಜೇಬಿನಲ್ಲಿ. ಅವ್ವನಿಗಿಂತ ಮುಂಚೆ ಅಲ್ಲಿ ಆರು ವರ್ಷ ಆಯಾ ಆಗಿದ್ದ ಲಿಡ್ವಿನ್ ಬಾಯಿಯನ್ನು ಒಂದು ಆನೆಯ ಕಿವಿ ಕಳೆದದ್ದಕ್ಕೆ ಕೆಲಸದಿಂದ ಬಿಡಿಸಿದ್ದರು.

ಅವ್ವನಿಗೆ ಓದಲು ಬರುವುದಿಲ್ಲ. ಆದರೆ ಅವಳು ತನ್ನದೇ ದಾರಿ ಹುಡುಕಿದಳು. ಹಳೆಯ ಖಣದ ಕುಪ್ಪಸಗಳನ್ನು ಬಿಚ್ಚಿ ಹದಿನೇಳು ಚೀಲ ಹೊಲಿದಳು. ಪ್ರತಿ ಶನಿವಾರ ಎಲ್ಲವನ್ನೂ ಮನೆಗೆ ತಂದು, ಸಾಬೂನು ನೀರಿನಲ್ಲಿ ಒರೆಸಿ, ಎಣಿಸಿ, ಸೋಮವಾರ ಒಯ್ಯುತ್ತಿದ್ದಳು. ಈಗ ಪ್ರತಿ ತುಂಡಿನ ಬೆನ್ನಿಗೆ ಸುಟ್ಟ ಗುರುತು. ಹುಂಜದ ಹನ್ನೊಂದು ತುಂಡಿಗೂ ತನ್ನ ಗದ್ದದ ಮೇಲಿನ ಹಚ್ಚೆಯನ್ನೇ ಇಟ್ಟಳು: ಮೂರು ಚುಕ್ಕೆ, ಕೆಳಗೊಂದು ಗೆರೆ. ನಮ್ಮ ಕಡೆಯ ಹೆಂಗಸರ ನಂಬಿಕೆ ಅದು. ಸತ್ತ ಮೇಲೆ ಬಳೆ ಬಿಚ್ಚುತ್ತಾರೆ, ತಾಳಿ ಬಿಚ್ಚುತ್ತಾರೆ, ಹಚ್ಚೆಯನ್ನು ಯಾರೂ ಬಿಚ್ಚುವಂತಿಲ್ಲ.

ಅಪ್ಪ ಕಾಪುವಿನ ಕೆಲಸ ಮುಗಿಸಿ ಬಂದವನು ಕಾಲು ತೊಳೆಯುವ ಮೊದಲೇ ವಿಷಯ ತೆಗೆದ. ಕಾರ್ಕಳದಲ್ಲಿ ದೊಡ್ಡ ಕಟ್ಟಡ ಏಳುತ್ತಿದೆ, ಕೂಲಿಯವರನ್ನು ಕೂಡಿಸುವ ಮುಕಾದಮ ಜೋಡಿಗಳನ್ನು ಮಾತ್ರ ತೆಗೆದುಕೊಳ್ಳುತ್ತಾನೆ, ಗಂಡ ಗೌಂಡಿ, ಹೆಂಡತಿ ಮಾಲು ಹೊರುವವಳು, ಒಂಟಿ ಗಂಡಸಿಗೆ ಅಲ್ಲಿ ಜಾಗವಿಲ್ಲ, ಸಾಲಿಯ ಆಯಾ ಕೆಲಸ ಬಿಟ್ಟುಬಿಡು ಎಂದ.

ಅವ್ವ ಸೂಜಿ ಉರಿಗೆ ಹಿಡಿದೇ ಉತ್ತರ ಕೊಟ್ಟಳು. "ಹದಿನೆಂಟು ವರ್ಷ ತಲಿ ಮ್ಯಾಲ ನಿನ್ನ ಮಾಲು ಹೊತ್ತೀನಿ. ಈಗ ಕೂಸು ಹೊರ್ತೀನಿ. ಕೂಸು ಹಗುರ ಅದಾವು. ನಾ ಒಲ್ಲೆ."

ಅಪ್ಪನ ಕೈ ಗುಂಡಿಗೆ ಹೋಯಿತು. ನಾನು ಅನ್ನದ ಪಾತ್ರೆ ಇಳಿಸಿದೆ.

ಅವತ್ತಿನದು ನಮ್ಮ ಮನೆಯ ಲೆಕ್ಕದಲ್ಲಿ ಟ್ರೈಲರ್ ಅಷ್ಟೇ. ಎರಡು ಕಪಾಳಕ್ಕೆ, ಒಂದು ಬೆನ್ನಿಗೆ. ಅವ್ವನ ಕೈಯ ಸೂಜಿ ಜಾರಿ ಅವಳದೇ ತೊಡೆಗೆ ಚುಚ್ಚಿಕೊಂಡಿತು. ಅಜ್ಜಿ ಗೋಡೆಗೆ ಒರಗಿ ಕೂತಲ್ಲಿಂದಲೇ, ಗಂಡನ ಮಾತು ಕೇಳಿದರೆ ನಿನ್ನದೇನು ಸವೆಯುತ್ತದೆ ಎಂದು ಸೊಸೆಗೇ ಬುದ್ಧಿ ಹೇಳಿದಳು. ಅಪ್ಪ ಅಂಗಿ ಹಾಕಿಕೊಂಡು ಹೊರಗೆ ಹೋಗುವಾಗ ಚೀಲಗಳ ರಾಶಿಗೆ ಕಾಲಿನಿಂದ ಒದ್ದ.

"ಇದ್ರಾಗಿಂದು ಒಂದು ತುಂಡು ಒಲಿಗೆ ಹಾಕಿದ್ರ ನಿನ್ನ ಸಾಲಿ ಮುಗೀತು, ತಿಳ್ಕೊ."

ಸೋಮವಾರ ನಾನು ಶಾಲೆ ಬಿಟ್ಟ ಮೇಲೆ ಅವ್ವನನ್ನು ಕರೆತರಲು ಬನ್ನಂಜೆಗೆ ಹೋದಾಗ ಜೆರ್ಟ್ರೂಡ್ ಬಾಯಿ ಕನ್ನಡಕ ಏರಿಸಿ ತುಂಡುಗಳನ್ನು ತಿರುವಿ ನೋಡುತ್ತಿದ್ದರು. ಸುಟ್ಟ ಗುರುತು. ಅವ್ವನ ಮುಖ ನೋಡಿದರೆ, ಲಿಡ್ವಿನ್ ಬಾಯಿ ಹೋದ ದಾರಿಯಲ್ಲಿ ಅರ್ಧ ಹೋಗಿಬಿಟ್ಟವಳ ಹಾಗಿತ್ತು.

"ಇದೆಂತ ಮಾರಾಯ್ತಿ, ಇಷ್ಟು ವರ್ಷ ನನಗೆ ಹೊಳೀಲಿಲ್ಲ ನೋಡು" ಎಂದರು ಬಾಯಿ.

ಆಮೇಲೆ ಹೇಳಿದ್ದು ಇಷ್ಟು. ಕ್ರಿಸ್ಮಸ್ ರಜೆಗೆ ಮುಂಚಿನ ಶುಕ್ರವಾರ ಹದಿನೇಳನ್ನೂ ತಾವೇ ಕೂತು ಎಣಿಸುತ್ತಾರೆ. ಎಲ್ಲ ಸರಿ ಇದ್ದರೆ ಜನವರಿಯಿಂದ ಕಪಾಟಿನ ಕೀಲಿ ರಾಚವ್ವನ ಕೈಗೆ. "ಒಂದು ತುಂಡು ಹೋದ್ರೆ ಮಾತ್ರ ನನ್ನ ಹತ್ರ ಮಾತಾಡ್ಲಿಕ್ಕೆ ಬರ್ಬೇಡ. ಲಿಡ್ವಿನ್ ವಿಷಯ ಗೊತ್ತುಂಟಲ್ಲ."

ದಾರಿಯಲ್ಲಿ ಅವ್ವ ಅಂಗಡಿಯ ಮುಂದೆ ನಿಂತು ನನಗೊಂದು ಐಸ್ ಕ್ಯಾಂಡಿ ಕೊಡಿಸಿದಳು. ಅವಳು ಅಷ್ಟು ಖುಷಿಯಾಗಿದ್ದದ್ದನ್ನು ನಾನು ಅದಕ್ಕಿಂತ ಮುಂಚೆ ನೋಡಿರಲಿಲ್ಲ.

ಇನ್ನು ನನ್ನ ಎಂಟ್ರಿ. ಶಿಲ್ಪಾ, ಒಂಬತ್ತನೇ ಕ್ಲಾಸು. ಭಾನುವಾರ ಪಕ್ಕದ ಕೋಣೆಯ ಟಿವಿಯಲ್ಲಿ ನೋಡಿದ ಸಿನಿಮಾದ ಡೈಲಾಗನ್ನು ಸೋಮವಾರದ ಒಳಗೆ ನನ್ನದಾಗಿ ಮಾಡಿಕೊಳ್ಳುವವಳು. ಅಣ್ಣನ ಚಪ್ಪಲಿಗೆ ಬೆಲ್ಲದ ಪಾಕ, ಅಜ್ಜಿಯ ಸುಣ್ಣದ ಡಬ್ಬಿಗೆ ಮೈದಾ, ಇಂಥವೆಲ್ಲ ನನ್ನ ಹಿಟ್ ಚಿತ್ರಗಳು. ಕದ್ದ ಮಾಲು ಇಡಲು ಒಂದು ಗುಪ್ತ ಜಾಗವೂ ಇತ್ತು. ನಮ್ಮ ಕೋಣೆಯ ಗೋಡೆಗೆ ಗಿಲಾವು ಇರಲಿಲ್ಲ, ಬರೀ ಕೆಂಪು ಕಲ್ಲು. ಅಜ್ಜಿ ಒರಗಿ ಕೂರುವ ಜಾಗಕ್ಕಿಂತ ಒಂದು ಗೇಣು ಮೇಲೆ ಎರಡು ಕಲ್ಲುಗಳ ನಡುವೆ ಕೈಬೆರಳು ಹೋಗುವಷ್ಟು ಸಂದಿ.

ಮುಂದಿನ ಶನಿವಾರ ಅವ್ವ ಬಟ್ಟೆ ಒಗೆಯಲು ಹೋದಾಗ ನಾನು ಹುಂಜದ ಚೀಲ ಬಿಚ್ಚಿ ಬಾಲ ತೆಗೆದೆ. ಕೆಂಪಗೆ, ಕುಡುಗೋಲಿನ ಹಾಗೆ ಬಾಗಿದ ತುಂಡು. ಸಂದಿಗೆ ತೂರಿಸಿದೆ. ಪ್ಲಾನ್ ಇಷ್ಟೇ. ಭಾನುವಾರ ಸಂಜೆ ಅವ್ವ ಎಣಿಸುತ್ತಾಳೆ, ಹತ್ತಕ್ಕೆ ನಿಲ್ಲುತ್ತಾಳೆ, ಬೆವರುತ್ತಾಳೆ. ಆಗ ನಾನು ಸ್ಲೋ ಮೋಷನ್ನಿನಲ್ಲಿ ಬಂದು ಹೇಳುತ್ತೇನೆ: "ಹುಡುಕೋರು ಸಾವಿರ ಜನ, ಹುಡುಕಿಕೊಡೋಳು ಒಬ್ಬಳೇ." ಡೈಲಾಗ್ ನನ್ನದೇ. ಎರಡು ದಿನ ಕನ್ನಡಿಯ ಮುಂದೆ ತಾಲೀಮು ಮಾಡಿದ್ದೆ.

ಭಾನುವಾರ ಬೆಳಿಗ್ಗೆ ಶಾಲೆಯ ಶ್ರಮದಾನಕ್ಕೆ ಅಂಬಲಪಾಡಿಗೆ ಹೋದೆ. ಮಧ್ಯಾಹ್ನ ವಾಪಸು ಬಂದಾಗ ಮನೆಯಲ್ಲಿ ಹಸಿ ಸಿಮೆಂಟಿನ ವಾಸನೆ.

ಕಾಪುವಿನ ಕೆಲಸದಲ್ಲಿ ಉಳಿದಿದ್ದ ಒಂದು ಚೀಲ ಸಿಮೆಂಟನ್ನು ಅಪ್ಪ ತಂದಿದ್ದ. ಸರ್ವೋತ್ತಮರು ಗೋಡೆಗೆ ಗಿಲಾವು ಮಾಡಿಕೋ ಎಂದಿದ್ದರಂತೆ. ಅಣ್ಣ ಮರಳು ಜರಡಿ ಹಿಡಿದ, ಅವ್ವ ಮಾಲು ಕಲಸಿ ಬಾಂಡಲಿಯಲ್ಲಿ ಹೊತ್ತು ಕೊಟ್ಟಳು, ಅಪ್ಪ ಕರಣಿಯಲ್ಲಿ ಎರಚಿ, ಉದ್ದದ ಮರದ ಪಟ್ಟಿಯಲ್ಲಿ ಎಳೆದು ನುಣುಪು ಮಾಡಿದ. ನೋಡು, ಜೋಡಿ ಅಂದರೆ ಹೀಗೆ ಎಂದು ಹೆಮ್ಮೆಯಿಂದ ಹೇಳಿದನಂತೆ. ಅವ್ವ ನಕ್ಕಳಂತೆ ಕೂಡ. ಗೋಡೆ ಕನ್ನಡಿಯ ಹಾಗಿತ್ತು. ನನ್ನ ಸಂದಿ ಎಲ್ಲಿತ್ತು ಎಂದು ನನಗೇ ತಿಳಿಯಲಿಲ್ಲ.

ಸಂಜೆ ಅವ್ವ ಎಣಿಸಿದಳು. ಹತ್ತು. ಮತ್ತೆ ಎಣಿಸಿದಳು. ಚೀಲ ತಿರುವಿದಳು, ಹಾಸಿಗೆ ಜಾಡಿಸಿದಳು, ಬಚ್ಚಲ ಮೋರಿಗೆ ಕೈ ಹಾಕಿದಳು. ಆಮೇಲೆ ನೆಟ್ಟಗೆ ಅಪ್ಪನ ಮುಂದೆ ಹೋಗಿ ನಿಂತಳು.

"ಬಾಲ ಕೊಡು."

ಅಪ್ಪ ರೊಟ್ಟಿ ಮುರಿಯುತ್ತಿದ್ದವನು ತಲೆ ಎತ್ತಿದ. ಅವನ ಮುಖದಲ್ಲಿ ಮೊದಲು ಕಂಡದ್ದು ಏನೂ ತಿಳಿಯದವನ ಬೆಪ್ಪು. ಅದು ಒಂದು ಕ್ಷಣ. ಆಮೇಲೆ ಏನೋ ಹೊಳೆದು ತುಟಿಯ ಒಂದು ಕಡೆ ಮೇಲೆ ಹೋಯಿತು. ನಾನು ಅದನ್ನು ನೋಡಿದೆ.

"ಕಾರ್ಕಳಕ್ಕ ಬಾ, ಕೊಡ್ತೀನಿ" ಎಂದ.

ಅವ್ವ ಅವನ ತಟ್ಟೆ ಎತ್ತಿ ಗೋಡೆಗೆ ಎಸೆದಳು. ಹಸಿ ಗಿಲಾವಿನ ಮೇಲೆ ಪುಂಡಿಪಲ್ಯ ಬಡಿದು ಇಳಿಯಿತು. ಅಪ್ಪನಿಗೆ ಅಂಗಿ ಬಿಚ್ಚುವಷ್ಟು ವ್ಯವಧಾನ ಇರಲಿಲ್ಲ. ಜಡೆ ಹಿಡಿದು ಅವಳ ತಲೆಯನ್ನು ಬಾಗಿಲ ಚೌಕಟ್ಟಿಗೆ ಬಡಿದ. ಒಮ್ಮೆ, ಎರಡು ಸಲ. ಎಡಗಿವಿಯಿಂದ ರಕ್ತ ಬಂತು. ಅದೇ ನನ್ನ ಎಂಟ್ರಿಯ ಸಮಯ. ಬಾಲ ಗೋಡೆಯಲ್ಲಿದೆ, ಇಟ್ಟವಳು ನಾನು ಎನ್ನಬೇಕಿತ್ತು. ಬಾಯಿ ತೆರೆದೆ. ಅಪ್ಪ ಯಾರಿಗೇನು ಬೇಕು ಎನ್ನುವ ಹಾಗೆ ನನ್ನ ಕಡೆ ತಿರುಗಿದ. ನಾನು ನೀರಿನ ಚೊಂಬು ತರಲು ಹೋದೆ.

ನಾಳೆ ಹೇಳುತ್ತೇನೆ ಎಂದುಕೊಂಡೆ. ಎಣಿಕೆಗೆ ಇನ್ನೂ ಹನ್ನೆರಡು ದಿನ ಇತ್ತು.

ಮೊದಲ ವಾರ ಅವ್ವ ಅಪ್ಪನ ಪ್ರತಿ ಜೇಬು, ಉಪಕರಣದ ಚೀಲ, ಸೈಕಲ್ಲಿನ ಸೀಟಿನ ಅಡಿ ಎಲ್ಲ ಹುಡುಕಿದಳು. ಹುಂಜದ ಚೀಲ ಹರಿದಿದೆ, ಹೊಲಿದು ತರುತ್ತೇನೆ ಎಂದು ಬಾಯಿಗೆ ಸುಳ್ಳು ಹೇಳಿದಳು. ಎಡಗಿವಿ ಕೇಳಿಸದೆ ಮಕ್ಕಳು ಕರೆದಾಗ ಬೇರೆ ಕಡೆ ತಿರುಗುತ್ತಿದ್ದಳಂತೆ. ಮನೆಯಲ್ಲಿ ಅಪ್ಪನಿಗೆ ಅಡುಗೆ ನಿಂತಿತು. ತನಗೂ ನಮಗೂ ನಾಲ್ಕು ರೊಟ್ಟಿ ತಟ್ಟಿ, ಅಪ್ಪನ ಪಾಲಿಗೆ ಹಿಟ್ಟಿನ ಡಬ್ಬಿ ಇಟ್ಟು ಎದ್ದುಬಿಡುತ್ತಿದ್ದಳು. ಅಜ್ಜಿ ಮಗನಿಗೆ ತನ್ನ ರೊಟ್ಟಿ ಕೊಟ್ಟು, ಈ ಮನೆಯಲ್ಲಿ ಗಂಡಸು ಉಪವಾಸ ಬಿದ್ದ ಎಂದು ಸಾಲಿನ ಎಲ್ಲ ಕೋಣೆಗೂ ಕೇಳುವ ಹಾಗೆ ಅತ್ತಳು.

ಹಿಟ್ಟಿನ ಡಬ್ಬಿಯನ್ನು ಅಪ್ಪ ಸಹಿಸಿದ್ದು ಐದು ದಿನ. ಆರನೇ ದಿನ ಶನಿವಾರ, ಅಂಗಿ ಮೊಳೆಗೆ ಹೋಯಿತು. ಅವತ್ತು ಅವನ ಕೈಗೆ ಸಿಕ್ಕಿದ್ದು ಗಿಲಾವು ಎಳೆಯುವ ಮರದ ಪಟ್ಟಿ. ಬೆನ್ನಿಗೆ, ಮೊಣಕಾಲಿಗೆ, ತಡೆಯಲು ಎತ್ತಿದ ಕೈಗೆ. ಅವ್ವ ಮೂಲೆಗೆ ಸರಿದು ಕೂತು ಚೀಲಗಳನ್ನು ಹೊಟ್ಟೆಗೆ ಅವಚಿಕೊಂಡಳು, ಹೊಡೆತ ತನ್ನ ಮೇಲೆ ಬೀಳಲಿ, ಅವುಗಳ ಮೇಲೆ ಬೇಡ ಎನ್ನುವ ಹಾಗೆ.

ಸೋಮಲಿಂಗನಿಗೆ ಆಗ ಹದಿನೆಂಟು. ಅವನೂ ಮಣಿಪಾಲದಲ್ಲಿ ಸೆಂಟ್ರಿಂಗ್ ಕೆಲಸಕ್ಕೆ ಹೋಗುತ್ತಿದ್ದ. ಅಪ್ಪನ ಹಾಗೆ ಬೀಡಿ ಹಿಡಿಯುತ್ತಿದ್ದ, ಅಪ್ಪನ ಹಾಗೇ ನನ್ನ ತಲೆಗೆ ಮೊಟಕುತ್ತಿದ್ದ. ಬಾಗಿಲು ಹಾಕುವುದು ಅವನ ಡ್ಯೂಟಿ. ಅವತ್ತು ಅವನು ಬಾಗಿಲು ಹಾಕಲಿಲ್ಲ. ಹೋಗಿ ಪಟ್ಟಿಯ ಇನ್ನೊಂದು ತುದಿ ಹಿಡಿದ.

"ಸಾಕು ಬಿಡಪ್ಪ. ಆ ತುಂಡು ಕೊಟ್ಟುಬಿಡು."

ಅಪ್ಪ ಪಟ್ಟಿ ಕಿತ್ತುಕೊಂಡು ಅವನ ಬೆರಳುಗಳ ಮೇಲೇ ಇಳಿಸಿದ. ಎರಡು ಬೆರಳಿನ ಉಗುರು ಎದ್ದು ಬಂತು. ಅಣ್ಣ ಕೈಗೆ ಟವೆಲ್ ಸುತ್ತಿಕೊಂಡು ಮಣಿಪಾಲದ ಗೆಳೆಯರ ಕೋಣೆಗೆ ಹೋದವನು ಮತ್ತೆ ಮನೆಯೊಳಗೆ ಬರಲಿಲ್ಲ. ಹೋಗುವಾಗ ನನ್ನನ್ನು ನೋಡಿದ. ನಾನು ಗೋಡೆ ನೋಡಿದೆ. ಪುಂಡಿಪಲ್ಯದ ಕಲೆ ಅಲ್ಲೇ ಒಣಗಿತ್ತು. ಅದರ ಪಕ್ಕದಲ್ಲೆಲ್ಲೋ ಹುಂಜದ ಬಾಲ.

ಬುಧವಾರ ಸಂಜೆ, ಎಣಿಕೆಗೆ ಎರಡು ದಿನ ಇರುವಾಗ, ಅವ್ವ ಸೋತಳು.

"ತುಂಡು ತೋರ್ಸು. ಕಾರ್ಕಳಕ್ಕ ಬರ್ತೀನಿ" ಎಂದಳು. ಕೀಲಿಯ ಆಸೆ ಬಿಟ್ಟಿದ್ದೇನೆ, ಕಳ್ಳಿ ಅನ್ನಿಸಿಕೊಂಡು ಆ ಬಾಗಿಲಿನಿಂದ ಇಳಿಯುವುದು ಬೇಡ ಅಷ್ಟೇ ಎಂದಳು.

ಅಪ್ಪ ನಾಳೆ ಕೊಡುತ್ತೇನೆ ಎಂದ. ಇಲ್ಲದ್ದನ್ನು ಎಲ್ಲಿಂದ ತಂದಾನು ಎಂದು ನಾನು ಹೊದಿಕೆಯನ್ನು ತಲೆಗೆ ಎಳೆದುಕೊಂಡೆ.

ಗುರುವಾರ ಬೆಳಿಗ್ಗೆ ಅವನು ತಂದೇಬಿಟ್ಟ. ಕೆಂಪಗೆ, ಕುಡುಗೋಲಿನ ಹಾಗೆ ಬಾಗಿದ ತುಂಡು. ಅವ್ವ ಉಳಿದ ಹತ್ತು ತುಂಡು ಜೋಡಿಸಿ ಬಾಲದ ಜಾಗದಲ್ಲಿ ಅದನ್ನಿಟ್ಟಳು. ಕೂದಲೂ ತೂರದ ಹಾಗೆ ಕೂತಿತು. ಅಪ್ಪನ ಕೈಗೆಲಸ ಅಂದರೆ ಅದು. ನೋಡಿದೆಯಾ ಎಂದು ಅವನು ಅಂಗಿ ಹಾಕಿಕೊಂಡು, ಮುಕಾದಮನಿಗೆ ಜೋಡಿ ಬರುತ್ತದೆಂದು ಹೇಳಲು ಹೊರಟುಹೋದ.

ಅವ್ವ ತುಂಡನ್ನು ತಿರುವಿದಳು. ಹಿಂದೆ ಚುಕ್ಕೆ ಇಲ್ಲ, ಗೆರೆ ಇಲ್ಲ. ಸೆಂಟ್ರಿಂಗ್ ಪ್ಲೈವುಡ್ಡಿನ ತುಂಡು. ಅವಳ ಹೆಬ್ಬೆರಳಿಗೆ ಕೆಂಪು ಹತ್ತಿತ್ತು. ನೆಲಕ್ಕೆ ಬಳಿಯುವ ರೆಡ್ ಆಕ್ಸೈಡ್.

"ಇದು ನಮ್ಮ ಹುಂಜದ್ದಲ್ಲ" ಎಂದಳು ಮೆಲ್ಲಗೆ. ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಂಡು, "ಬಾಲ ಅವನ ಹಂತೇಕ ಇರಲೇ ಇಲ್ಲ" ಎಂದಳು.

ನಾನು ತಪ್ಪಿಸಿಕೊಳ್ಳುವ ಕೊನೆಯ ದಾರಿ ಹುಡುಕಿದೆ. ಸೂಜಿ ಕಾಯಿಸಿ ನಾವೇ ಮೂರು ಚುಕ್ಕೆ ಸುಟ್ಟುಬಿಡೋಣ, ಬಾಯಿಗೆ ಗೊತ್ತಾಗುವುದಿಲ್ಲ ಎಂದೆ.

"ಕೂಸು ಬಾಯಾಗ ಇಟ್ಕೋತಾವ. ಈ ಬಣ್ಣ ಹೊಟ್ಟಿಗೆ ಹೋಗ್ತೈತಿ." ಅಷ್ಟು ಹೇಳಿ ಅವಳು ನನ್ನನ್ನೇ ನೋಡತೊಡಗಿದಳು. "ಅಂವ ತಗೊಂಡಿಲ್ಲಂದ್ರ ಯಾರು ತಗೊಂಡ್ರು?"

ನನ್ನ ತಲೆಯಲ್ಲಿ ಎಷ್ಟೋ ಡೈಲಾಗ್ ಇದ್ದವು. ಗೋಡೆಯ ಕಡೆ ಕೈ ತೋರಿಸಿದೆ.

ಅವ್ವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆ ಮಾಲು ಹೊತ್ತು ಕೊಟ್ಟವಳು ಅವಳೇ. ಎದ್ದು ಗೋಡೆಯ ಮುಂದೆ ನಿಂತು ಅಂಗೈಯಿಂದ ಸವರಿದಳು. ಎಲ್ಲಿ ಎಂದು ಕೇಳಿದಳು. ಗೊತ್ತಿಲ್ಲ ಎಂದೆ, ಅಲ್ಲೋ ಇಲ್ಲೋ ಎಂದೆ. ಆಗ ಅಷ್ಟು ದಿನ ಅದೇ ಗೋಡೆಗೆ ಒರಗಿ ಮಗನ ಪರ ವಾದ ಮಾಡಿದ್ದ ಯಮನವ್ವಜ್ಜಿ ಮೊಣಕಾಲು ಹಿಡಿದು ಎದ್ದಳು. ಅವಳ ನಡುನೆತ್ತಿಯಲ್ಲಿ ರೊಟ್ಟಿಯಷ್ಟು ಜಾಗದಲ್ಲಿ ಕೂದಲಿಲ್ಲ. ಅವಳೂ ಮೂವತ್ತು ವರ್ಷ ಬಾಂಡಲಿ ಹೊತ್ತವಳು.

"ನನ್ನ ಅಡಿಕಿ ಕದ್ದು ಇಡ್ತಿದ್ದಿಲ್ಲ, ಅದ ಸಂದ್ಯಾಗೇನು?" ಎಂದು ನನ್ನನ್ನು ಕೇಳಿದಳು. ನಾನು ಹೌದೆಂದು ತಲೆಯಾಡಿಸಿದೆ. ತಾನು ಒರಗಿ ಕೂರುವ ಜಾಗದಿಂದ ಒಂದು ಗೇಣು ಮೇಲಕ್ಕೆ ಅಳೆದು, ಗಿಲಾವಿನ ಮೇಲೆ ಉಗುರಿನಿಂದ ಗೀರಿದಳು. ಆಮೇಲೆ ಅಪ್ಪನ ಸುತ್ತಿಗೆಯನ್ನು ಕಾಲಿನಿಂದ ಸೊಸೆಯ ಕಡೆ ತಳ್ಳಿದಳು.

ಹನ್ನೊಂದು ದಿನ ಗಟ್ಟಿಯಾಗಿದ್ದ ಸಿಮೆಂಟು. ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಾರಿಸಿದಳು. ಪಕ್ಕದ ಕೋಣೆಯವರು ಬಾಗಿಲಿಗೆ ಬಂದು ನಿಂತರು, ಸರ್ವೋತ್ತಮರ ಮನೆಯಿಂದ ಯಾರೋ ಕೂಗಿದರು. ಅವಳ ಒಂದು ಕಿವಿ ಹೇಗೂ ಕೇಳುತ್ತಿರಲಿಲ್ಲ. ಹಲಗೆಯಷ್ಟು ಗಿಲಾವು ಕಳಚಿ ಬಿತ್ತು. ಕಲ್ಲು ಕಂಡಿತು, ಸಂದಿ ಕಂಡಿತು, ಸಂದಿಯೊಳಗೆ ಸಿಮೆಂಟು ಮೆತ್ತಿದ ಕೆಂಪು ತುದಿ.

ಅದೇ ಹೊತ್ತಿಗೆ ಅಪ್ಪ ಬಂದ. ಕೈಯಲ್ಲಿ ಜಿಲೇಬಿಯ ಪೊಟ್ಟಣ. ಮುಕಾದಮ ಒಪ್ಪಿದ್ದಾನೆ ಎಂದು ಅರ್ಧ ಹೇಳಿದವನ ಕಣ್ಣು ಗೋಡೆಗೆ ಹೋಯಿತು. ತನ್ನ ಗಿಲಾವು ನೆಲದ ಮೇಲೆ, ತಾನು ಕದ್ದೆ ಎಂದು ಹೇಳಿಕೊಂಡಿದ್ದ ತುಂಡು ಗೋಡೆಯ ಹೊಟ್ಟೆಯಲ್ಲಿ, ಬಾಗಿಲ ತುಂಬ ನೋಡುವ ಜನ. ಪೊಟ್ಟಣ ಎಸೆದು ನುಗ್ಗಿ ಅವ್ವನ ಜಡೆಗೆ ಕೈ ಹಾಕಿದ.

ಅವ್ವ ತಿರುಗಲೂ ಇಲ್ಲ. ಜಡೆ ಎಳೆದ ಕಡೆಗೇ ಬಾಗಿ, ಸುತ್ತಿಗೆಯನ್ನು ನೇರ ಕೆಳಕ್ಕೆ, ಅವನ ಬಲಗಾಲಿನ ಮೇಲೆ ಇಳಿಸಿದಳು. ಮೂಳೆ ಮುರಿದ ಸದ್ದು ಸಿನಿಮಾದಲ್ಲಿ ಬರುವ ಹಾಗೆ ದೊಡ್ಡದಾಗಿರುವುದಿಲ್ಲ. ಹಸಿ ಕಡ್ಡಿ ಮುರಿದ ಹಾಗಿತ್ತು. ಅಪ್ಪ ಜಿಲೇಬಿಯ ಮೇಲೇ ಕುಸಿದ. ಅವ್ವ ಸುತ್ತಿಗೆಯನ್ನು ಅವನ ತಲೆಗೆ ಸರಿಯಾಗಿ ಎತ್ತಿದಳು. ಎತ್ತಿಯೇ ನಿಂತಳು. ಅಜ್ಜಿಯೂ ಬೇಡ ಎನ್ನಲಿಲ್ಲ.

ಆಮೇಲೆ ಅವಳು ಗೋಡೆಗೆ ತಿರುಗಿ ಉಳಿದ ಗಿಲಾವನ್ನು ಕೆಡವಿದಳು. ಪೂರ್ತಿ. ನೆಲದಿಂದ ಕೈಗೆಟಕುವಷ್ಟು ಎತ್ತರದವರೆಗೆ, ಈ ಮೂಲೆಯಿಂದ ಆ ಮೂಲೆಗೆ. ಅಪ್ಪ ಕಾಲು ಹಿಡಿದು ಕೂತು ನೋಡಿದ. ತುಂಡು ತೆಗೆದು ಬೆನ್ನು ತಿರುವಿ, ಸೆರಗಿನಲ್ಲಿ ಒರೆಸಿ, ಮೂರು ಚುಕ್ಕೆ ಒಂದು ಗೆರೆಯನ್ನು ಬೆರಳಿನಿಂದ ಮುಟ್ಟಿ ನೋಡಿ ಚೀಲಕ್ಕೆ ಹಾಕಿ ದಾರ ಕಟ್ಟಿದಳು. ನಂತರ ನನ್ನನ್ನು ಹತ್ತಿರ ಕರೆದಳು.

ಅವ್ವ ನನಗೆ ಅದಕ್ಕೂ ಮುಂಚೆ ಹೊಡೆದಿರಲಿಲ್ಲ. ಆ ಒಂದು ಏಟಿಗೆ ನಾನು ಗಿಲಾವಿನ ಚೂರುಗಳ ಮೇಲೆ ಬಿದ್ದೆ. ಬಾಯಲ್ಲಿ ಉಪ್ಪು ರಕ್ತ.

"ಇಟ್ಟಿದ್ದಕ್ಕಲ್ಲ" ಎಂದಳು. "ಹನ್ನೊಂದು ದಿನ ನೋಡಿಕೋತ ಕುಂತಿದ್ದಕ್ಕ."

ಶುಕ್ರವಾರ ಜೆರ್ಟ್ರೂಡ್ ಬಾಯಿ ಹದಿನೇಳು ಚೀಲವನ್ನೂ ಸುರಿದು ಎಣಿಸಿದರು. ಹುಂಜದ ಬಾಲದ ಅಂಚಿನಲ್ಲಿ ಉಳಿದಿದ್ದ ಬೂದು ಚೂರನ್ನು ಉಗುರಿನಲ್ಲಿ ಕೆರೆದು, ಇದೆಂತ, ಸಿಮೆಂಟಾ ಎಂದು ಕೇಳಿದರು. ಕೇಳುತ್ತಾ ಅವ್ವನ ಊದಿದ ಮೊಣಕೈ ನೋಡಿದರು.

"ಹೌದ್ರಿ. ನಮ್ಮ ಮನಿಯಾವ್ರು ಗೌಂಡಿ" ಎಂದಳು ಅವ್ವ.

ಬಾಯಿ ಕೀಲಿಯನ್ನು ಜನವರಿಯವರೆಗೆ ಕಾಯದೆ ಅವತ್ತೇ ಕೊಟ್ಟರು, ಜೊತೆಗೆ ಒಂದು ಡಬ್ಬಿ ಕ್ರಿಸ್ಮಸ್ ತಿಂಡಿ. ನಾನು ಚೀಲಗಳನ್ನು ಕಪಾಟಿನವರೆಗೆ ಹೊತ್ತೆ.

ಕಾರ್ಕಳಕ್ಕೆ ಬೇರೆ ಜೋಡಿ ಹೋಯಿತು. ಅಪ್ಪನ ಕಾಲಿಗೆ ಮಂಡಿಯವರೆಗೆ ಪ್ಲಾಸ್ಟರ್ ಪಟ್ಟಿ ಹಾಕಿದರು. ಮತ್ತೆ ಬರೀ ಕಲ್ಲಾದ ಗೋಡೆಯ ಕೆಳಗೆ ಚಾಪೆ ಹಾಸಿ ಮಲಗಿರುತ್ತಿದ್ದ. ಅಣ್ಣ ಬಾಗಿಲವರೆಗೆ ಬಂದು, ಅವ್ವನಿಗೆ ಕಿವಿಯ ಔಷಧ ಕೊಟ್ಟು, ಒಳಗೆ ಕಾಲಿಡದೆ ಮಣಿಪಾಲಕ್ಕೆ ಹೋಗುತ್ತಿದ್ದ. ನನ್ನ ಹಳೆಯ ಸಂದಿಯಲ್ಲಿ ಅವ್ವ ತನ್ನ ಸೂಜಿ ಇಟ್ಟುಕೊಂಡಿದ್ದಳು.

ಜನವರಿಯ ಒಂದು ಸಂಜೆ ಕುವೈತಿನಿಂದ ಬಂದ ಹೊಸ ರೈಲಿನ ತುಂಡುಗಳನ್ನು ಸಾಲಾಗಿ ಜೋಡಿಸಿ ಅವ್ವ ಸ್ಟವ್ ಹಚ್ಚಿದಳು. ಸೂಜಿ ಕೊಡು ಎಂದಳು. ಯಾರಿಗೆಂದು ಹೇಳಲಿಲ್ಲ. ಸಂದಿಗೆ ಹತ್ತಿರ ಇದ್ದವನು ಅಪ್ಪ. ಅವನು ಮೊಣಕೈ ಊರಿ ಎದ್ದು, ಕೈ ಚಾಚಿ, ಸೂಜಿ ತೆಗೆದು, ಮೊನೆಯನ್ನು ತನ್ನ ಕಡೆ ಹಿಡಿದು ಕೊಟ್ಟ. ಅವ್ವ ತೆಗೆದುಕೊಂಡು ಉರಿಗೆ ಹಿಡಿದಳು.

ಅವನ ಅಂಗಿಯ ಗುಂಡಿಗಳು ಹಾಕಿಯೇ ಇದ್ದವು. ನಾನು ಮಾತ್ರ ಅಷ್ಟರಲ್ಲಿ ಅನ್ನದ ಪಾತ್ರೆಯನ್ನು ಕೆಳಗಿಳಿಸಿಟ್ಟಿದ್ದೆ.